ಕೊರಳಪಟ್ಟಿ ತವರಿಗೆ ಹೋದ ಆಷಾಢ

ನಮ್ಮ ಊರಿನಲ್ಲಿ ಹೊಸ ಯಂತ್ರಗಳು ಮೊದಲ ಆಷಾಢಕ್ಕೆ ತವರಿಗೆ ಹೋಗುತ್ತವೆ. ಹೊಸ ಸೊಸೆಯರೂ ಹೋಗುತ್ತಾರೆ, ಅದೇನು ದೊಡ್ಡದಲ್ಲ, ಎಲ್ಲ ಊರಿನಲ್ಲೂ ಹೋಗುತ್ತಾರೆ. ಸೊಸೆಯರ ವಿಷಯದಲ್ಲಾದರೆ ಒಂದಿಷ್ಟು ಸಡಿಲ ಉಂಟು. ಗಂಡ ಎನ್ನುವವನು ಏನೋ ನೆಪ ಹೂಡಿ ಒಂದು ಸಂಜೆ ಅತ್ತೆಮನೆಯ ಬೀದಿಯಲ್ಲೇ ಸ್ಕೂಟರ್ ಕೆಡಿಸಿಕೊಂಡು ನಿಲ್ಲುತ್ತಾನೆ. ಯಂತ್ರಗಳಿಗೆ ಆ ಸಡಿಲವಿಲ್ಲ. ಆಷಾಢ ಹುಟ್ಟಿದ ಬೆಳಿಗ್ಗೆ ಹೊರಟರೆ ಶ್ರಾವಣ ಹುಟ್ಟಿದ ಮೇಲೆಯೇ ವಾಪಸ್ಸು.

ಯಂತ್ರಕ್ಕೆಲ್ಲಿಯ ತವರು ಎಂದು ಹೊರಗಿನಿಂದ ಬಂದವರು ನಗುತ್ತಾರೆ. ಊರಿಗೆ ಬರುವ ದಿನ, ತರಿಸಿಕೊಂಡವರ ಹೊಸಿಲು ಮುಟ್ಟುವ ಮೊದಲು, ಅದನ್ನು ಯಾರ ಜಗಲಿಯ ಮೇಲೆ ಇಳಿಸಿದರೋ ಅದೇ ಅದರ ತವರು. ಹೊತ್ತವನಿಗೆ ದಣಿವಾಗಿರಬಹುದು, ಚಪ್ಪಲಿ ಕಿತ್ತಿರಬಹುದು, ಯಾರೋ ಕಾಫಿಗೆ ಕೂಗಿರಬಹುದು. ಕಾರಣ ಏನಾದರೂ ಇರಲಿ, ಇಳಿಸಿದರೆ ಸಂಬಂಧ ಕೂಡಿತು. ನಮ್ಮ ಊರಿಗೆ ಬರಲು ಇರುವುದು ಒಂದೇ ಸೇತುವೆ. ಸೇತುವೆ ಇಳಿಯುತ್ತಲೇ ಗಿರಿಯಮ್ಮನ ಹಿಟ್ಟಿನ ಗಿರಣಿ, ಗಿರಣಿಯ ಮುಂದೆ ಮೂಟೆ ಇಳಿಸಲೆಂದೇ ಕಟ್ಟಿದ ಅಗಲವಾದ ಕಟ್ಟೆ. ಅದನ್ನು ನೋಡಿದ ಯಾವ ಮನುಷ್ಯನ ತೋಳಿಗೂ ತಕ್ಷಣ ಆಯಾಸವಾಗುತ್ತದೆ. ಹಾಗಾಗಿ ಊರಿನ ಅರ್ಧ ಯಂತ್ರಗಳಿಗೆ ಗಿರಿಯಮ್ಮನೇ ತಾಯಿ. ಅವಳಿಗೆ ಎತ್ತಿನಂಥ ಮೂರು ಗಂಡುಮಕ್ಕಳು. ಒಂದು ಹೆಣ್ಣು ಕೊಡಪ್ಪಾ ಎಂದು ಹರಕೆ ಹೊತ್ತೂ ಹೊತ್ತೂ ಸಾಕಾಗಿದ್ದವಳ ಮನೆಯಲ್ಲಿ ಈಗ ಆಷಾಢ ಬಂದರೆ ಕಾಲಿಡಲು ಜಾಗವಿರುವುದಿಲ್ಲ.

ಈಚೆಗೆ ಬರುವ ಯಂತ್ರಗಳಂತೂ ಒಂದಕ್ಕಿಂತ ಒಂದು ಜಾಣೆಯರು. ಕಂಪನಿಯವರು ಏನೋ ಒಂದು ಕೆಲಸ ಕಲಿಸಿ ಕಳಿಸಿರುತ್ತಾರೆ, ನಮ್ಮ ಊರು ಇನ್ನೊಂದು ಕಲಿಸುತ್ತದೆ. ಮೇಷ್ಟ್ರ ಮನೆಯ ನೆಲ ಗುಡಿಸುವ ಯಂತ್ರ ರೊಟ್ಟಿಯಷ್ಟೇ ಅಗಲ, ರೊಟ್ಟಿಯಷ್ಟೇ ದುಂಡಗೆ. ಮೇಷ್ಟ್ರ ಹೆಂಡತಿ ಸುಶೀಲಮ್ಮ ಅದರ ಬೆನ್ನ ಮೇಲೆ ಕಾಫಿ ಲೋಟ ಇಟ್ಟು ಅಡುಗೆಮನೆಯಿಂದ ಪಡಸಾಲೆಗೆ ಕಳಿಸುತ್ತಾಳೆ. ಗಂಡನ ಮೇಲೆ ಸಿಟ್ಟಿರುವ ದಿನ ಅದು ಕಾಫಿಯನ್ನು ಅವರ ಕುರ್ಚಿಗೆ ಎರಡು ಮೊಳ ದೂರದಲ್ಲೇ ನಿಲ್ಲಿಸಿಬಿಡುತ್ತದೆ. ಎದುರುಬದುರು ಮನೆಯ ಅಕ್ಕತಂಗಿಯರು ಒಂದು ಡ್ರೋನ್ ತರಿಸಿಕೊಂಡು ಒಬ್ಬರ ತಾರಸಿಯಿಂದ ಇನ್ನೊಬ್ಬರ ತಾರಸಿಗೆ ಕರಿಬೇವು, ಹೆಪ್ಪು ಮೊಸರು ಕಳಿಸಿಕೊಳ್ಳುತ್ತಾರೆ. ಬಾಗಿಲಿಗೆ ಬಂದವರ ಮುಖ ತೋರಿಸಲು ಮಾಡಿದ ಕ್ಯಾಮರಾವನ್ನು ಹಪ್ಪಳ ಸಂಡಿಗೆಯ ಕಡೆ ತಿರುಗಿಸಿಟ್ಟವರು ಎಷ್ಟೋ ಜನ. ಕಳ್ಳ ಬಂದರೆ ಅದು ಸುಮ್ಮನಿರುತ್ತದೆ, ಕಾಗೆ ಬಂದರೆ ಬಡಿದುಕೊಳ್ಳುತ್ತದೆ.

ತವರಿಗೆ ಕಳಿಸದಿದ್ದರೆ ಕೆಡುತ್ತವೆಯೇ ಎಂದರೆ ಇಲ್ಲ, ಕೆಡುವುದಿಲ್ಲ. ಮುನಿಸಿಕೊಳ್ಳುತ್ತವೆ. ಕ್ಷೌರದ ರೇವಣ್ಣ ತನ್ನ ಟ್ರಿಮ್ಮರನ್ನು ಕಳಿಸಲಿಲ್ಲ. ಆಷಾಢದಲ್ಲಿ ಗಿರಾಕಿಗಳೇ ಕಡಿಮೆ, ಇದೂ ಹೋದರೆ ಅಂಗಡಿಯಲ್ಲಿ ನಾನೊಬ್ಬನೇ ಏನು ಮಾಡಲಿ ಎಂದ. ಅಂದಿನಿಂದ ಅದು ಎಡಗೆನ್ನೆಯನ್ನು ಬೆಣ್ಣೆಯ ಹಾಗೆ ಬೋಳಿಸುತ್ತದೆ, ಬಲಗೆನ್ನೆಗೆ ಬಂದರೆ ನಿಂತುಬಿಡುತ್ತದೆ. ಕಂಪನಿಯಿಂದ ಹುಡುಗನೊಬ್ಬ ಬಂದು ಬಿಚ್ಚಿ, ಊದಿ, ಜೋಡಿಸಿ, ಯಂತ್ರದಲ್ಲಿ ಏನೂ ದೋಷವಿಲ್ಲ ಎಂದು ಹೋದ. ದೋಷವಿಲ್ಲ ಎಂದು ನಮಗೂ ಗೊತ್ತಿತ್ತು. ರೇವಣ್ಣ ಈಗ ಬಲಗೆನ್ನೆಗೆ ಕತ್ತಿಯನ್ನೇ ಹಿಡಿಯುತ್ತಾನೆ.

ಇವೆಲ್ಲ ನೆರೆಹೊರೆಯ ಮಾತು, ಕೇಳಿ ನಗುವುದಕ್ಕೆ ಚೆನ್ನ. ನಮ್ಮ ಮನೆಯ ಯಂತ್ರ ತವರಿಗೆ ಹೋಗಬೇಕಾದ ವರ್ಷ ಮಾತ್ರ ನಮಗೆ ಯಾರಿಗೂ ನಗು ಬರಲಿಲ್ಲ, ಏಕೆಂದರೆ ಅದು ನಮ್ಮ ಅಜ್ಜಿಯ ಮಾತು.

ನನ್ನ ಅಜ್ಜಿ ಚೆನ್ನಾಜಮ್ಮ, ಅಪ್ಪನ ತಾಯಿ. ನಾನು ಹಾಲನ್ನಕ್ಕಿಂತ ಹೆಚ್ಚಾಗಿ ಅವಳ ಕಥೆಗಳನ್ನು ತಿಂದೇ ಬೆಳೆದವಳು. ಉಪ್ಪು ಕದ್ದು ಸಮುದ್ರವಾದ ಮುದುಕಿ, ಬೀಸುವ ಕಲ್ಲನ್ನು ಮದುವೆಯಾದ ರಾಜ, ನೆರಳನ್ನು ಮರದ ಕೆಳಗೆ ಮರೆತು ಬಂದ ಹುಡುಗಿ. ಇವರೆಲ್ಲ ನಮ್ಮ ಬೀದಿಯ ಆ ತುದಿಯಲ್ಲಿ ಮನೆ ಮಾಡಿಕೊಂಡಿದ್ದಾರೆ ಎಂದು ನಾನು ಬಹಳ ದೊಡ್ಡವಳಾಗುವವರೆಗೂ ನಂಬಿದ್ದೆ. ಈಗಲೂ ಪರೀಕ್ಷೆಗೆ ಓದುತ್ತೇನೆಂದು ತಾರಸಿಗೆ ಹೋದರೆ ಪುಸ್ತಕ ಒಂದು ಕಡೆ, ನಾನು ಅವರ ಅಂಗಳದಲ್ಲಿ. ಅಜ್ಜಿಯ ಕಥೆಯಲ್ಲಿ ಇಷ್ಟು ಇಂಪಿದ್ದರೂ ಅಜ್ಜಿಯ ಬಾಯಿ ಮಾತ್ರ ಇಂಪಿನದಲ್ಲ. ಅವಳು ನನ್ನನ್ನು ನೀಲಾಂಬಿಕೆ ಎಂದು ಕರೆದದ್ದು ನಾಮಕರಣದ ದಿನ ಒಮ್ಮೆಯಂತೆ. ಆಮೇಲೆಲ್ಲ ಮೂದೇವಿ, ಕತ್ತೆ, ಕೋತಿ, ಬಹಳ ಪ್ರೀತಿ ಬಂದರೆ ಹಾಳು ಕೋತಿ.

ಎರಡು ವರ್ಷದ ಹಿಂದೆ ಅಜ್ಜಿಯ ಗಂಟಲಿಗೆ ಆಪರೇಶನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಬಾಯಿ ಆಡುತ್ತದೆ, ತುಟಿ ಕುಣಿಯುತ್ತದೆ, ಹೊರಗೆ ಬರುವುದು ಬರೀ ಗಾಳಿ. ಅಕ್ಷರ ಕಲಿಯದ ಅಜ್ಜಿಗೆ ಬರೆದು ತೋರಿಸುವ ದಾರಿಯೂ ಇರಲಿಲ್ಲ. ಇಡೀ ಬೀದಿಗೆ ಕೇಳುವಂತೆ ಬದುಕಿದವಳು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಆಗ ಅಪ್ಪ, ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನಮ್ಮ ಅಪ್ಪ ಮಾದೇಶ, ಯಾರನ್ನೋ ಕೇಳಿ ಎಲ್ಲಿಂದಲೋ ಆ ಪಟ್ಟಿಯನ್ನು ತರಿಸಿದ. ವೀಳ್ಯದೆಲೆಯಷ್ಟು ಅಗಲ, ಅಷ್ಟೇ ಮೆತ್ತಗೆ. ಕೊರಳಿಗೆ ಕಟ್ಟಿಕೊಂಡರೆ ಒಳಗೆ ಗಂಟಲು ಹೇಗೆ ಆಡುತ್ತದೆ ಎಂದು ನೋಡಿ ಆ ಮಾತನ್ನು ಹೊರಗೆ ಹೇಳುತ್ತದೆ. ಎಚ್ಚರವಿದ್ದರೆ ಅಂಚಿನಲ್ಲಿ ಹಸಿರು ದೀಪ, ಸಾಸಿವೆ ಕಾಳಿನಷ್ಟು. ಅಪ್ಪ ಅದನ್ನು ತರುವ ದಿನ ರಾಗಿ ಹಿಟ್ಟೂ ಬೇಕಿತ್ತು. ಗಿರಣಿಯ ಮುಂದೆ ಬಸ್ಸಿಳಿದವನು ಚೀಲ ಬಿಚ್ಚಲೆಂದು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ. ಸಂಬಂಧ ಕೂಡಿತು.

ಮೊದಲ ದಿನ ಅಜ್ಜಿ ಅದನ್ನು ಕಟ್ಟಿಕೊಂಡು ಬಾಯಿ ಆಡಿಸಿದಾಗ ರೇಡಿಯೋ ವಾರ್ತೆಯ ಹೆಂಗಸಿನ ಹಾಗೆ ಒಂದು ಸ್ವರ ಬಂತು. "ನಮಸ್ಕಾರ. ನನಗೆ ಬಾಯಾರಿಕೆಯಾಗಿದೆ. ದಯವಿಟ್ಟು ನೀರನ್ನು ನೀಡಿರಿ."

ಅಮ್ಮ ನೀರು ತರಲು ಎದ್ದವಳು ಅಲ್ಲೇ ನಿಂತಳು. ತನ್ನ ಅತ್ತೆ ದಯವಿಟ್ಟು ಎಂದದ್ದನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅಜ್ಜಿ ಪಟ್ಟಿಯನ್ನು ಕಿತ್ತು ಮೂಲೆಗೆಸೆದಳು. ಇದು ಯಾರ ಮನೆ ಹೆಂಗಸು, ನನ್ನ ಕೊರಳಲ್ಲಿ ಯಾಕೆ ಕೂತಿದ್ದಾಳೆ ಎಂದು ಅವಳ ಕಣ್ಣೇ ಕೇಳುತ್ತಿತ್ತು.

ಆದರೆ ಆ ಯಂತ್ರಕ್ಕೆ ಹಳೆಯ ಧ್ವನಿ ಕೇಳಿಸಿದರೆ ಅದನ್ನೇ ಕಲಿಯುತ್ತದೆ ಎಂದು ತಿಳಿಯಿತು. ಅಜ್ಜಿಯ ಧ್ವನಿ ಎಲ್ಲಿದೆ ಎಂದು ಹುಡುಕಿದೆವು. ಅಷ್ಟೊಂದು ಕಥೆ ಕೇಳಿದ ನಾನು ಒಂದನ್ನೂ ಫೋನಿನಲ್ಲಿ ಹಿಡಿದಿರಲಿಲ್ಲ, ಅಜ್ಜಿ ಇದ್ದೇ ಇರುತ್ತಾಳಲ್ಲ ಎಂಬ ಧೈರ್ಯ. ಸಿಕ್ಕಿದ್ದೆಲ್ಲ ಅಪ್ಪನ ಫೋನಿನಲ್ಲಿ, ಅವನು ಬಸ್ಸಿನಲ್ಲಿದ್ದಾಗ ಅಜ್ಜಿ ಕಳಿಸಿದ ಧ್ವನಿ ಸಂದೇಶಗಳು. "ಲೋ ಮಾದೇಶ, ಫೋನ್ ಎತ್ತಕ್ಕೆ ಏನೋ ರೋಗ ನಿಂಗೆ? ಬರ್ತಾ ಬೆಳ್ಳುಳ್ಳಿ ತಗಂಬಾ. ಮೊನ್ನೆ ತಂದ್ಯಲ್ಲ, ಇಲಿ ಹಲ್ಲಿನಂಗೆ, ಅಂಥದ್ದು ತಂದ್ರೆ ಮನೆ ಒಳಗೆ ಸೇರ್ಸಲ್ಲ." ಇಂಥವು ರಾಶಿ ರಾಶಿ ಇದ್ದವು. ಅವನ್ನೇ ಕೇಳಿಸಿದೆವು.

ಹೀಗೆ ಕೊರಳಪಟ್ಟಿ ಅಜ್ಜಿಯ ಧ್ವನಿ ಕಲಿಯಿತು, ಆದರೆ ಬೈಗುಳದಲ್ಲೇ ಕಲಿಯಿತು. ಕಥೆಯಲ್ಲಿ ರಾಜ ಮಂತ್ರಿಯನ್ನು ಕರೆದು ರಾಜ್ಯ ಒಪ್ಪಿಸಿದರೂ ಬೆಳ್ಳುಳ್ಳಿಯ ಜಗಳದ ಧಾಟಿಯಲ್ಲೇ ಒಪ್ಪಿಸುತ್ತಿದ್ದ. ನಡುನಡುವೆ ವಾರ್ತೆಯವಳು ಇಣುಕಿ "ಆದ್ದರಿಂದ" ಎನ್ನುವಳು. ಅಜ್ಜಿ ತಲೆ ಕೊಡವಿ, ಅದೇ ಮಾತನ್ನು ಮತ್ತೆ ಮತ್ತೆ ಆಡಿ, "ಆದ್ದರಿಂದ ಅಲ್ಲ ಕಣೇ, ಅದ್ಕೇಯ ಅನ್ನು, ಅದ್ಕೇಯ" ಎಂದು ತಿದ್ದುವಳು. ಹೊಸ ಸೊಸೆಗೆ ಮನೆಯ ಸಾರು ಕಲಿಸುವ ಹಾಗೆ ದೀಪಾವಳಿಯಿಂದ ಯುಗಾದಿವರೆಗೂ ಕಲಿಸಿದಳು. ಯುಗಾದಿ ಕಳೆದ ಮೇಲೆ ಒಂದು ಸಂಜೆ ನಾನು ಹಿತ್ತಲಿನಲ್ಲಿದ್ದಾಗ ಒಳಗಿನಿಂದ "ಏನೇ ಮೂದೇವಿ, ಬಟ್ಟೆ ತೆಗಿಯಕ್ಕೆ ಮಳೆ ಬಂದು ಕೈ ಮುಗೀಬೇಕಾ?" ಎಂಬ ಕೂಗು ಬಂತು. ಆಪರೇಶನ್ ಆಗಿದೆ ಎಂಬುದು ಒಂದು ಗಳಿಗೆ ನನಗೆ ಮರೆತೇ ಹೋಯಿತು. ಬಟ್ಟೆಗಳ ನಡುವೆ ನಿಂತು ಅತ್ತುಬಿಟ್ಟೆ.

ಅಂಥದ್ದರಲ್ಲಿ ಜ್ಯೇಷ್ಠ ಮುಗಿಯುತ್ತ ಬಂತು.

"ಕಳಸಲ್ಲ," ಅಂದಳು ಅಜ್ಜಿ. "ಯಾವಳ ತವರು? ಯಾವಳ ಆಷಾಢ? ಇದು ನನ್ನ ಗಂಟಲು. ಗಂಟಲಿಗೆ ತವರುಮನೆ ಇರ್ತದೇನೋ, ಮಾದೇಶ?"

ಅಪ್ಪ ತಲೆ ಕೆರೆದುಕೊಂಡ. "ಕಟ್ಟೆ ಮೇಲೆ ಇಟ್ಬಿಟ್ನಲ್ಲವ್ವ."

"ನಿನ್ನ ಬುದ್ಧಿ ಎಲ್ಲಿಟ್ಟಿದ್ದೆ? ಅದ್ನ ಕಟ್ಟೆ ಮೇಲೆ ಇಟ್ಟಿದ್ರೆ ಯಾರೂ ಮುಟ್ತಿರ್ಲಿಲ್ಲ."

ಒಂದು ತಿಂಗಳ ಮೌನಕ್ಕೆ ಅಜ್ಜಿ ಹೆದರಿರಲಿಲ್ಲ. ಅವಳ ಹೆದರಿಕೆ ಬೇರೆ. ತವರಿಗೆ ಹೋಗಿ ಬಂದ ಸೊಸೆಯ ಮಾತು ಬದಲಾಗಿರುತ್ತದೆ, ಇದು ಎಲ್ಲರೂ ಕಂಡದ್ದು. ಹೋಗುವಾಗ ನಮ್ಮವಳಾಗಿ ಹೋಗಿ ಬರುವಾಗ ತಾಯಿಯ ನಾಲಿಗೆ ಹಾಕಿಕೊಂಡು ಬರುತ್ತಾಳೆ. ಗಿರಿಯಮ್ಮನ ನಾಲಿಗೆ ಎಂಥದ್ದೆಂದರೆ ಗಿರಣಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವಳಿಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ. ಊರಿನಲ್ಲಿ ಕೂತು ಗುಟ್ಟು ಹೇಳಿದರೆ ಸೇತುವೆಯಾಚೆ ದನ ಮೇಯಿಸುವವರು ತಲೆಯಾಡಿಸುತ್ತಾರೆ. "ಇಷ್ಟು ಕಷ್ಟಪಟ್ಟು ಆ ವಾರ್ತೆಯೋಳ್ನ ಓಡ್ಸಿದೀನಿ. ಈಗ ಗಿರಣಿಯೋಳು ಬಂದು ಕೂತ್ಕತಾಳೆ. ನಾನೇನು ಛತ್ರವಾ?" ಎಂದು ಅಜ್ಜಿ ಪಟ್ಟಿಯ ಮೇಲೆ ಸೆರಗು ಸುತ್ತಿಕೊಂಡು ಕೂತಳು.

ಆಷಾಢ ಹುಟ್ಟಿತು. ಗಾಳಿ ಎದ್ದಿತು. ನಮ್ಮ ಬೀದಿಯಲ್ಲಿ ಹೊಸ ಯಂತ್ರಗಳನ್ನು ಅರಿಶಿನ ಕುಂಕುಮ ಹಚ್ಚಿ, ಮಡಿಲಿಗೆ ಅಕ್ಕಿ ಕಾಯಿ ಹಾಕಿ ಕಳಿಸಿಕೊಟ್ಟರು. ಅಜ್ಜಿ ಜಗಲಿಗೆ ಬಂದು ನೋಡಲೂ ಇಲ್ಲ. ಅಂದು ಮಧ್ಯಾಹ್ನ ನಾನು ಕಥೆ ಹೇಳು ಎಂದು ಅವಳ ಪಕ್ಕ ಉರುಳಿಕೊಂಡೆ. ನೆರಳು ಮರೆತ ಹುಡುಗಿಯ ಕಥೆ ಶುರುವಾಯಿತು. ಹುಡುಗಿ ಮರದ ಕೆಳಗೆ ಮಲಗಿದಳು, ಎದ್ದಳು, ಮನೆಗೆ ಬಂದಳು. ದೀಪ ಹಚ್ಚಿದಾಗ ತಾಯಿ ಕೇಳಿದಳು... ಅಲ್ಲಿಗೆ ಸ್ವರ ನಿಂತಿತು. ಅಜ್ಜಿಯ ತುಟಿ ಆಡುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದಾಗ ಬರೀ ಕೊನೆಕೊನೆಯ ಮಾತುಗಳು, ನಡುವಿನದೆಲ್ಲ ನುಂಗಿಹೋಗಿತ್ತು. ಮಾರನೆಯ ದಿನ ಹೆಸರುಗಳು ಹೋದವು, ಅಪ್ಪನನ್ನು ಕರೆದರೆ "ಲೋ" ಎಂಬಲ್ಲಿಗೇ ಮುಗಿಯುತ್ತಿತ್ತು. ಅದರ ಮಾರನೆಯ ದಿನ ವಾರ್ತೆಯವಳು ಹೊಸಿಲ ಬಳಿ ಬಂದು "ಆದ್ದರಿಂದ" ಎಂದಳು.

ಅಜ್ಜಿ ತಾನೇ ಪಟ್ಟಿಯನ್ನು ಬಿಚ್ಚಿದಳು. ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಮ್ಮನಿಗೆ ಅರಿಶಿನದ ಬಟ್ಟಲು ತಾ ಎಂದು ಸನ್ನೆ ಮಾಡಿದಳು.

ಆ ತಿಂಗಳು ಬೀದಿಯ ಮಕ್ಕಳಿಗೆ ಕಥೆ ಹೇಳುವ ಪಾಳಿ ನನ್ನದಾಯಿತು. ಸಂಜೆ ಜಗಲಿಯಲ್ಲಿ ಕೂತರೆ ಅಜ್ಜಿ ಪಕ್ಕದಲ್ಲೇ ಹುರಿಗಡಲೆಯ ಮೊರ ಇಟ್ಟುಕೊಂಡು ಕೂರುವಳು. ನಾನು ತಪ್ಪಿದರೆ ಒಂದು ಕಡಲೆ ಹಾರಿ ಬಂದು ಕಪಾಳಕ್ಕೆ ಬೀಳುವುದು. ಮಕ್ಕಳಿಗೆ ಕಥೆಗಿಂತ ಅದೇ ಇಷ್ಟ, "ಅಕ್ಕ, ಇನ್ನೊಂದ್ ಸಲ ತಪ್ಪು ಹೇಳು" ಎಂದು ದುಂಬಾಲು ಬೀಳುತ್ತಿದ್ದವು, ಬಿದ್ದ ಕಡಲೆ ಹೆಕ್ಕಿ ತಿನ್ನಲು. ಆಗಲೇ ನನಗೊಂದು ಗೊತ್ತಾಯಿತು. ಯಾವ ಕಥೆಯ ಕೊನೆಯೂ ನನಗೆ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೊನೆ ಬರುವ ಹೊತ್ತಿಗೆ ನಾನು ನಿದ್ದೆ ಹೋಗಿರುತ್ತಿದ್ದೆ. ಹುಡುಗಿ ನೆರಳನ್ನು ಕೇಳಲು ಮರದ ಹತ್ತಿರ ವಾಪಸ್ಸು ಹೋಗುತ್ತಾಳೆ, ಅಲ್ಲಿಯವರೆಗೆ ಗೊತ್ತು. ಮರ ಕೊಟ್ಟಿತೋ ಇಲ್ಲವೋ? ನಾನು "ಮರ ಕೊಟ್ಟುಬಿಟ್ಟಿತು" ಎಂದೆ. ಒಂದಲ್ಲ, ಒಂದು ಹಿಡಿ ಕಡಲೆ ಬಂದು ಬಿತ್ತು. "ಮರ ಕೊಡಲಿಲ್ಲ" ಎಂದೆ. ಅದಕ್ಕೂ ಬಿತ್ತು. ಅಜ್ಜಿ ಕೈ ತಿರುವಿದಳು, ಬೆರಳು ಆಡಿಸಿದಳು, ಎದ್ದು ನಿಂತು ಮರದ ಹಾಗೆ ತೋಳು ಚಾಚಿದಳು. ನನಗೆ ಏನೂ ಅರ್ಥವಾಗಲಿಲ್ಲ. ಅವಳು ಸೋತು ಕೂತಳು. ಆ ಕೊನೆಗಳೆಲ್ಲ ಅವಳ ಗಂಟಲಿನಲ್ಲಿದ್ದವು, ಗಂಟಲು ಗಿರಣಿಯಲ್ಲಿತ್ತು.

ಶ್ರಾವಣದ ಬೆಳಿಗ್ಗೆ ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು ಮಡಿಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಾವು ನಾಲ್ಕೂ ಜನ ಹೊರಟೆವು. ಗಿರಣಿಯ ಅಂಗಳದಲ್ಲಿ ಆಗಲೇ ಜಾತ್ರೆ. ಗಿರಿಯಮ್ಮ ತನ್ನ ಹಳೆಯ ಸೀರೆಗಳನ್ನು ಮೂಟೆಗಳ ಮೇಲೆ ಹಾಸಿ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದ್ದಳು. ಒಂದೊಂದರ ಮೇಲೂ ಹಿಟ್ಟಿನ ತೆಳು ಪುಡಿ, ಹಣೆಗೆ ಕುಂಕುಮ.

"ಬಾ ಚೆನ್ನಾಜಕ್ಕಾ!" ಎಂದು ಅವಳು ಕೂಗಿದ್ದಕ್ಕೆ ಮರದ ಮೇಲಿನ ಗಿಣಿಗಳು ಹಾರಿದವು. "ನಿನ್ನ ಸೊಸೆ ಚೆಂದಾಗವಳೆ! ದಿನಾ ಮಧ್ಯಾನ ನಿದ್ದೇಲಿ ಬೈತಿದ್ಲು ಕಣಕ್ಕ! ಕೇಳ್ತಾ ಕೇಳ್ತಾ ನಮ್ಮತ್ತೇನೇ ಬಂದಂಗಾಯ್ತು! ಕೂಸೇ ಕೂಸೇ ಅಂತ ತಟ್ಟಿ ಮಲಗಿಸ್ತಿದ್ದೆ!" ಅವಳಿಗೆ ಕುಕ್ಕರೂ ಕೂಸು, ಡ್ರೋನೂ ಕೂಸು.

ಕರೆದುಕೊಂಡು ಹೋಗುವ ಶಾಸ್ತ್ರ ಶುರುವಾಯಿತು. ಯಾರ ಜೊತೆ ಯಂತ್ರ ಬಾಳುತ್ತದೋ ಅವರು ಬಾಯಿ ಬಿಟ್ಟು ಕರೆಯಬೇಕು: ಮನೆ ಬಿಕೋ ಅಂತದೆ ತಾಯಿ, ಎದ್ದು ಬಾ. ಕರೆಯದೆ ಎದ್ದು ಬರುವುದಿಲ್ಲ, ಕರೆಯದೆ ಗಂಡನ ಮನೆಯವರು ಮುಟ್ಟುವ ಹಾಗೂ ಇಲ್ಲ. ಸುಶೀಲಮ್ಮ ಕರೆದಳು. ನೆಲ ಗುಡಿಸುವ ಯಂತ್ರ ಗುರ್ ಎಂದು ಎದ್ದು ಅವಳ ಪಾದದ ಸುತ್ತ ಸುತ್ತಿತು. ಅಕ್ಕತಂಗಿಯರು ಜೋಡಿಯಾಗಿ ಕರೆದರು, ಡ್ರೋನ್ ಯಾರ ತಲೆಯ ಮೇಲೆ ನಿಲ್ಲುವುದೆಂದು ತಿಳಿಯದೆ ನಡುವೆ ತೂಗಾಡಿತು. ಎಲ್ಲರೂ ನಗುತ್ತಿದ್ದರು.

"ಈಗ ಚೆನ್ನಾಜಕ್ಕ!" ಎಂದಳು ಗಿರಿಯಮ್ಮ.

ಅಜ್ಜಿ ಮುಂದೆ ಬಂದಳು. ಸೆರಗು ಹೊದ್ದಳು. ಬಾಯಿ ತೆರೆದಳು.

ಗಾಳಿ ಬಂತು.

ಆಗ ನಮಗೆ ಹೊಳೆಯಿತು. ಒಂದು ತಿಂಗಳು ನಾವೆಲ್ಲ ಈ ದಿನಕ್ಕಾಗಿ ಕಾದಿದ್ದೆವು. ಅಮ್ಮ ರವಿಕೆ ಕಣ ತಂದಿದ್ದಳು, ಅಪ್ಪ ರಜೆ ಹಾಕಿದ್ದ, ನಾನು ಹೂ ಕಟ್ಟಿದ್ದೆ. ಬಾಯಿ ಬಿಟ್ಟು ಕರೆಯಬೇಕಾದ ಬಾಯಿಯನ್ನೇ ಕಳಿಸಿಕೊಟ್ಟಿದ್ದೇವೆ ಎಂದು ಮನೆಯಲ್ಲಿ ಒಬ್ಬರಿಗೂ, ಬೀದಿಯಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಅಂಗಳದ ನಗು ಒಂದೊಂದಾಗಿ ಆರಿತು.

ಅಪ್ಪ ಮುನ್ನುಗ್ಗಿ "ಎದ್ದು ಬಾ ತಾಯಿ" ಎಂದ. ದೀಪ ಹತ್ತಲಿಲ್ಲ. ಅಮ್ಮ ಕರೆದಳು. ನಾನು ಅಜ್ಜಿಯ ಧಾಟಿಯಲ್ಲೇ, ಅವಳ ಹಾಗೆಯೇ ಮೂಗಿನಿಂದ ಕರೆದೆ. ಪಟ್ಟಿ ಕದಲಲಿಲ್ಲ. ಅದು ಬಾಳಿದ್ದು ನಮ್ಮ ಜೊತೆಯಲ್ಲಲ್ಲ.

"ಫೋನಲ್ಲಿರೋ ಹಳೇ ಬೈಗುಳ ಹಾಕಿ," ಎಂದ ರೇವಣ್ಣ.

"ಫೋನು ಕರೆದ್ರೆ ಫೋನಿನ ಜೊತೆ ಹೋಗ್ತದೆ, ಸುಮ್ನಿರೋ," ಎಂದಳು ಸುಶೀಲಮ್ಮ.

ಗಿರಿಯಮ್ಮ ಯೋಚಿಸಿದಳು. ಆಮೇಲೆ ಪಟ್ಟಿಯನ್ನು ಎತ್ತಿಕೊಂಡಳು. "ನೀವು ಮುಟ್ಟಬಾರ್ದು. ನಾನು ತವರೋಳು, ನಾನು ಮುಟ್ಟಬೋದು," ಎಂದು ತಾನೇ ಅಜ್ಜಿಯ ಕೊರಳಿಗೆ ಕಟ್ಟಿದಳು. "ಈಗ ಒಳಗಿಂದ್ಲೇ ಕರಿಯಕ್ಕ! ಅವಳಿಗೆ ಬರೋ ಮನಸ್ಸಿದ್ರೆ ನಿನ್ನ ಮಾತ್ನ ಅವಳೇ ಆಡ್ತಾಳೆ!"

ಅಜ್ಜಿ ಕಣ್ಣು ಮುಚ್ಚಿ ಶಾಸ್ತ್ರದ ಮಾತನ್ನು ಆಡಿದಳು. ತುಟಿಯಲ್ಲಿ ನಾನು ಓದಿದೆ, ಮನೆ ಬಿಕೋ ಅಂತದೆ ತಾಯಿ. ಸದ್ದಿಲ್ಲ. ಮತ್ತೆ ಆಡಿದಳು. ಎದ್ದು ಬಾ ತಾಯಿ. ಸದ್ದಿಲ್ಲ. ದೀಪ ಸತ್ತೇ ಇತ್ತು. ಅಜ್ಜಿ ಕೈ ಜೋಡಿಸಿದಳು. ದೇವರ ಮುಂದೆಯೂ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವ ಅಜ್ಜಿ ಕೈ ಜೋಡಿಸಿದ್ದನ್ನು ನೋಡಲಾರದೆ ಅಪ್ಪ ಸೇತುವೆಯ ಕಡೆ ತಿರುಗಿಕೊಂಡ.

ಗಿರಿಯಮ್ಮ ಹತ್ತಿರ ಬಂದು, ಅವಳ ಮಟ್ಟಿಗೆ ಮೆಲ್ಲಗೇ, ಹೇಳಿದಳು. "ಹೋಗ್ಲಿ ಬಿಡಕ್ಕ. ಅವಳಿಗೆ ಮನಸ್ಸಿಲ್ಲ ಅಂತ ಕಾಣ್ತದೆ. ಇಲ್ಲೇ ಇರ್ಲಿ. ನಾನು ಚೆಂದಾಗಿ ನೋಡ್ಕತೀನಿ."

ಅಜ್ಜಿ ಕಣ್ಣು ಬಿಟ್ಟಳು. ಜೋಡಿಸಿದ್ದ ಕೈ ಬಿಚ್ಚಿತು. ಗದ್ದ ಕೊರಳಿಗೆ ಒತ್ತುವ ಹಾಗೆ ತಲೆ ತಗ್ಗಿಸಿ, ಕೊರಳಲ್ಲಿದ್ದುದನ್ನೇ ನೋಡುತ್ತ ತುಟಿ ಆಡಿಸತೊಡಗಿದಳು. ಈ ಸಲ ಶಾಸ್ತ್ರದ ಮಾತಲ್ಲ. ಅವಳ ಮೂಗಿನ ಹೊಳ್ಳೆ ಅರಳುತ್ತಿದ್ದುದರಿಂದಲೇ ನನಗೆ ತಿಳಿಯಿತು. ಹಸಿರು ದೀಪ ಒಮ್ಮೆ ಮಿನುಗಿತು. ಇನ್ನೊಮ್ಮೆ ಮಿನುಗಿತು.

"...ನಾಚ್ಕೆ ಆಗಲ್ವೇನೇ ನಿಂಗೆ, ಮೂದೇವಿ?" ಎಂದು ಅಂಗಳ ನಡುಗುವಂತೆ ಅಜ್ಜಿಯ ಸ್ವರ ಸಿಡಿಯಿತು. "ಕೊರಳಲ್ಲಿ ತಾಳಿ ಇದ್ದ ಜಾಗ ಕೊಟ್ಟಿದೀನಿ! ಮಲಗೋವಾಗ ಒತ್ತೀತು ಅಂತ ಮಗ್ಗುಲು ಬದಲಾಯ್ಸಲ್ಲ! ಇಲ್ಲಿ ಹಿಟ್ಟು ಮೆತ್ಕಂಡು ರಾಣಿ ಥರ ಬಿದ್ದಿದೀಯಾ! ಮನೇಲಿ ಆ ಕೋತಿ ಒಂದು ಕಥೆನೂ ನೆಟ್ಟಗೆ ಹೇಳ್ದೆ ಬೀದಿ ಮಕ್ಕಳ್ನೆಲ್ಲ ಹಾಳು ಮಾಡ್ತಾ ಅವಳೆ! ಬರ್ತೀಯೋ, ಇಲ್ಲಾ ಕಾಲು ಮುರೀಲೋ?"

"ಅದಕ್ಕೆ ಕಾಲು ಎಲ್ಲಿ ಅದೆ ಅಜ್ಜಿ?" ಎಂದಿತು ಯಾವುದೋ ಮಗು.

ಅಜ್ಜಿ ಗಕ್ಕನೆ ನಿಂತಳು. ಮಾತು ಹೊರಗೆ ಬಂದದ್ದು ಆಗ ಅವಳಿಗೇ ಕೇಳಿಸಿತು. ಪಾಪ, ಆ ಯಂತ್ರ ಏನು ಮಾಡೀತು? ಕೈ ಮುಗಿದು ತಾಯಿ ತಾಯಿ ಎಂದು ಗೋಗರೆದ ಹೆಂಗಸು ಯಾರೆಂದು ಅದಕ್ಕೆ ಗುರುತೇ ಸಿಕ್ಕಿರಲಿಲ್ಲ. ಬೈದ ಮೇಲೆ ಸಿಕ್ಕಿತು. ಗಿರಿಯಮ್ಮ ಕಣ್ಣೊರೆಸಿಕೊಂಡು ನಕ್ಕಳು, ನಗುವಿಗೆ ಗಿರಣಿಯ ತಗಡು ಝಣಗುಟ್ಟಿತು. ಮಡಿಲಕ್ಕಿ ಹಾಕಿ, ಕುಂಕುಮ ಇಟ್ಟು, "ಹೋಗ್ಬಾ ಕೂಸೇ" ಎಂದು ಅಜ್ಜಿಯ ಕೊರಳು ಸವರಿ ಕಳಿಸಿಕೊಟ್ಟಳು.

ದಾರಿಯಲ್ಲಿ ಅಪ್ಪ ಅಮ್ಮ ಮುಂದೆ, ನಾನು ಅಜ್ಜಿ ಹಿಂದೆ. ಅಜ್ಜಿ ಹೆದರಿದ್ದು ಸುಳ್ಳಾಗಿರಲಿಲ್ಲ. ಮೊದಲ ತಿರುವಿನಲ್ಲಿ ಅವಳು ನನ್ನ ಕಿವಿಗೆ ಬಗ್ಗಿ ಏನೋ ಗುಟ್ಟು ಹೇಳಹೋದಳು. "ಸುಶೀಲನ ಸೀರೆ ನೋಡಿದ್ಯಾ, ಹೋದ ವರ್ಷದ್ದೇ ಮಗುಚಿ ಉಟ್ಟವಳೆ!" ಎಂದು ಗಿರಣಿಯ ಸ್ವರ ಇಡೀ ಬೀದಿಗೆ ಸಾರಿತು. ಹಿಂದೆಯೇ ಬರುತ್ತಿದ್ದ ಸುಶೀಲಮ್ಮ ನಿಂತೇಬಿಟ್ಟಳು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಸರಸರ ನಡೆದಳು. ಬಾಯಿಗೆ ಸೆರಗು ಒತ್ತಿ ಏನು ಪ್ರಯೋಜನ, ಮಾತು ಇದ್ದದ್ದು ಕೊರಳಲ್ಲಿ.

ನಾನಾಗಲೇ ಎಂದಿನಂತೆ ಬೇರೆಲ್ಲೋ ಹೋಗಿದ್ದೆ. ಇಂದು ರಾತ್ರಿ ಮರ ಏನು ಮಾಡಿತೆಂದು ಕೊನೆ ಕೇಳುವವರೆಗೂ ಕಣ್ಣಿಗೆ ನೀರು ಹಾಕಿಕೊಂಡಾದರೂ ಎದ್ದಿರಬೇಕು ಎಂದುಕೊಳ್ಳುತ್ತಾ, ಆಕಾಶ ನೋಡುತ್ತಾ ನಡೆಯುತ್ತಿದ್ದೆ. ಹಿಂದಿನಿಂದ ಹಾರನ್ ಕೇಳಿತೋ ಇಲ್ಲವೋ, ಅಜ್ಜಿಯ ಕೈ ನನ್ನ ರಟ್ಟೆ ಹಿಡಿದು ಎಳೆಯಿತು. ಹಾಲಿನ ಕ್ಯಾನು ಕಟ್ಟಿದ ಬೈಕು ಸವರಿಕೊಂಡೇ ಹೋಯಿತು.

"ನೋಡ್ಕಂಡು ನಡಿಯೇ ಕೂಸೇ!"

ಅಜ್ಜಿ ನಿಂತಳು. ನಾನೂ ನಿಂತೆ. ಹುಟ್ಟಿದಾಗಿನಿಂದ ಅವಳ ಬಾಯಿಂದ ನನಗೆ ಆ ಮಾತು ಬಂದಿರಲಿಲ್ಲ. ಅಜ್ಜಿಯ ಕೈ ಕೊರಳಿಗೆ ಹೋಯಿತು. ಈಗ ತಲೆ ಕೊಡವುತ್ತಾಳೆ, ಕೂಸಲ್ಲ ಕಣೇ ಕೋತಿ ಅನ್ನು ಕೋತಿ ಎಂದು ತಿದ್ದುತ್ತಾಳೆ ಎಂದು ನಾನು ಕಾದೆ. ಅವಳು ನನ್ನ ಮುಖ ನೋಡಿದಳು. ಮೇಲಿನಿಂದ ಕೆಳಗಿನವರೆಗೆ, ಏಟೇನಾದರೂ ಬಿದ್ದಿದೆಯೇ ಎಂದು ನೋಡಿದಳು. ಆಮೇಲೆ ಸಾರಿನ ಉಪ್ಪು ನೋಡುವವಳ ಹಾಗೆ, ನಾಲಿಗೆಯ ತುದಿಯಲ್ಲಿ, ನಿಧಾನವಾಗಿ ಇನ್ನೊಮ್ಮೆ ಆಡಿದಳು.

"ಕೂಸೇ."

ಎಷ್ಟು ನಿಧಾನವಾಗಿ ಆಡಿದರೇನು, ಅದು ಹೊರಬಿದ್ದದ್ದು ಬೀದಿಯ ಆ ತುದಿಗೆ ಕೇಳುವ ಹಾಗೆ. ಮೂರನೇ ಮನೆಯ ತಾರಸಿಯಿಂದ ಹಪ್ಪಳ ಒಣಗಿಸುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿದಳು.

"ಯಾರ್ನ ಅಜ್ಜೀ ಕರೀತಿರೋದು?"

"ನನ್ನ ಮೊಮ್ಮಗಳ್ನ ಕರೀತಿದೀನಿ," ಎಂದಳು ಅಜ್ಜಿ. "ನಿಂಗೇನೇ ಅದು? ನಿನ್ನ ಹಪ್ಪಳ ನೋಡ್ಕ, ಗಾಳಿಗೆ ಹಾರೋಯ್ತಾವೆ."